ಪದಚರ್ಚೆ: ಬ್ಯಾಟರಿ ‘ಸೋರಿಕೆ’ ಅನ್ನಬಹುದೇ?

ಪ್ರಶ್ನೆ: ಎಂ.ಜಿ.ಬಿ. ಸ್ಪೋರ್ಟ್ಸ್ ಕಾರಿನ ಹಳೆಯ ಕೈಪಿಡಿಯ ಕೆಲವು ಪುಟಗಳನ್ನು ಮೈಸೂರಿನಲ್ಲಿ ಇಂಥ ಕಾರು ಇಟ್ಟುಕೊಂಡವರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ‘ಬ್ಯಾಟರಿ ಡ್ರೈನ್’ಗೆ ‘ಬ್ಯಾಟರಿ ಸೋರಿಕೆ’ ಸರಿಯೇ? ‘ಟ್ರಿಕಲ್ ಚಾರ್ಜ್’ಗೆ ‘ಹನಿ ಚಾರ್ಜ್’ ಆಗಬಹುದೇ? ಬಲ್ಲವರು ತಿಳಿಸಿ.

ಉತ್ತರ: ನಮಸ್ಕಾರ. ‘ಸೋರಿಕೆ’ ಖಂಡಿತ ಬೇಡ. ಬ್ಯಾಟರಿ ಸೋರುತ್ತಿದೆ ಅಂದರೆ ಓದಿದವರು ಆಸಿಡ್ ಒಸರುತ್ತಿದೆ ಅಂದುಕೊಂಡು ಬಿರುಕು ಹುಡುಕುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ‘ಚಾರ್ಜ್ ಇಳಿದಿದೆ’ ಅನ್ನುತ್ತಾರೆ, ಪೂರ್ತಿ ಹೋದರೆ ‘ಬ್ಯಾಟರಿ ಡೌನ್’. ‘ಇಳಿಯುವುದು’ ಅಂತಲೇ ಬರೆಯಿರಿ.

ಆದರೆ ಇಳಿಯುವುದಕ್ಕೆ ಕಾರಣ ಎರಡು, ಮದ್ದೂ ಬೇರೆ ಬೇರೆ. ಆಮೇಲೆ ಹಾಕಿಸಿದ ಸ್ಟೀರಿಯೊ, ಅಲಾರ್ಮ್, ಗಡಿಯಾರ ಇವು ಕೀ ತೆಗೆದ ಮೇಲೂ ಕರೆಂಟ್ ಎಳೆಯುತ್ತವೆ. 50 ಮಿಲಿಆಂಪ್ ಅಂದರೂ ದಿನಕ್ಕೆ 1.2 ಆಂಪಿಯರ್-ಅವರ್, ತಿಂಗಳಿಗೆ 36. 45ರ ಬ್ಯಾಟರಿಯಲ್ಲಿ ಇನ್ನೇನು ಉಳಿಯಿತು? ಕಟ್-ಆಫ್ ಸ್ವಿಚ್ ಹಾಕಿಸಿದರೆ ಈ ಎಳೆತ ನಿಲ್ಲುತ್ತದೆ. ಇನ್ನೊಂದು, ವೈರುಗಳನ್ನೆಲ್ಲ ಬಿಚ್ಚಿಟ್ಟರೂ ಒಳಗಿನ ರಾಸಾಯನಿಕ ಕ್ರಿಯೆಯಿಂದ ತಾನಾಗಿ ಇಳಿಯುವುದು. ಬಿಸಿ 10 ಡಿಗ್ರಿ ಏರಿದರೆ ಇದರ ವೇಗ ಹೆಚ್ಚುಕಡಿಮೆ ಎರಡರಷ್ಟು. ಕೈಪಿಡಿ ಇಂಗ್ಲೆಂಡಿನ ಚಳಿಗಾಲಕ್ಕೆ ಬರೆದದ್ದು. ಮೈಸೂರಿನ ಏಪ್ರಿಲ್ ಬಿಸಿಲಲ್ಲಿ ಕಾಯುವ ಶೀಟಿನ ಶೆಡ್ಡಿಗೆ ಅದರ ಲೆಕ್ಕ ಸಾಲದು. ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಇಟ್ಟರೆ 12.6ರಿಂದ 12.7 ವೋಲ್ಟ್ ತೋರಬೇಕು. ತಿಂಗಳಿಗೊಮ್ಮೆ ನೋಡಿ, 12.4ಕ್ಕೆ ಬಂದಿದ್ದರೆ ಮತ್ತೆ ಚಾರ್ಜ್ ಮಾಡಿ. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿ ಹರಳಾಗಿ ಕೂತುಬಿಡುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ಅನುವಾದದಲ್ಲಿ ‘ಎಳೆತ’ವನ್ನೂ ‘ತಾನಾಗಿ ಇಳಿಯುವುದ’ನ್ನೂ ಬೇರೆ ಮಾಡಿ ತೋರಿಸಿ.

‘ಹನಿ ಚಾರ್ಜ್’ ಪದ ಚೆನ್ನಾಗಿದೆ, ಹಳೆಯ ಟ್ರಿಕಲ್ ಚಾರ್ಜರಿಗೆ ಒಪ್ಪುತ್ತದೆ. ಅದು ಬ್ಯಾಟರಿ ತುಂಬಿದ ಮೇಲೂ ಸಣ್ಣ ಕರೆಂಟ್ ತಳ್ಳುತ್ತಲೇ ಇರುತ್ತದೆ. ವಾರಗಟ್ಟಲೆ ಬಿಟ್ಟರೆ ಒಳಗಿನ ನೀರು ಒಡೆದು ಗ್ಯಾಸಾಗಿ ಹೋಗಿ ಪ್ಲೇಟುಗಳು ಬರಿದಾಗುತ್ತವೆ. ನಿಂತ ಕಾರಿಗೆ ಬೇಕಾದ್ದು 13.5ರಿಂದ 13.8 ವೋಲ್ಟಿನಲ್ಲಿ ಹಿಡಿದಿಡುವ ಫ್ಲೋಟ್ ಚಾರ್ಜರ್. ಅಂಗಡಿಯಲ್ಲಿ ಕೇಳುವ ಹೆಸರೇ ಅದು, ಹಾಗೇ ಬಿಡಿ. ಮುಚ್ಚಳ ಬಿಚ್ಚುವ ಬ್ಯಾಟರಿಯಾದರೆ, ಪ್ಲೇಟುಗಳು ಮುಳುಗಿಯೇ ಇದ್ದಲ್ಲಿ ಡಿಸ್ಟಿಲ್ಡ್ ವಾಟರನ್ನು ಚಾರ್ಜ್ ಆದ ಮೇಲೆಯೇ ಹಾಕಬೇಕು; ಬರಿದಾಗಿದ್ದರೆ ಅವು ಮುಳುಗುವಷ್ಟು ಮಾತ್ರ ಮೊದಲೇ ಹಾಕಿ.

ನೀವು ಕೇಳದಿದ್ದರೂ ಒಂದು ಮಾತು. ‘ಮೊದಲು ನೆಗೆಟಿವ್ ಬಿಚ್ಚಿ’ ಎಂದು ಬರೆಯಬೇಡಿ. 1967ಕ್ಕೆ ಮುಂಚಿನ ಎಂ.ಜಿ.ಬಿ.ಗಳಲ್ಲಿ ಅರ್ತ್ ಆಗಿರುವುದು, ಅಂದರೆ ಕಾರಿನ ತಗಡಿಗೆ ಜೋಡಿಸಿರುವ ತುದಿ, ಪಾಸಿಟಿವ್. ಇನ್ನೊಂದು ತುದಿಗೆ ಮೊದಲು ಸ್ಪ್ಯಾನರ್ ಹಾಕಿ ಅದು ಕಾರಿನ ತಗಡಿಗೆ ತಗುಲಿದರೆ ನೇರ ಶಾರ್ಟ್. ‘ಅರ್ತ್ ವೈರನ್ನು ಮೊದಲು ಬಿಚ್ಚಿ, ಕೊನೆಗೆ ಹಾಕಿ’ ಎಂದರೆ ಎರಡು ಬಗೆಯ ಕಾರಿಗೂ ಸರಿ. 1974ರವರೆಗಿನ ಕಾರುಗಳಲ್ಲಿ ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತವೆ. ಒಂದೊಂದನ್ನೂ ಬೇರೆಯಾಗಿ ಅಳೆಯಲು ಹೇಳಿ, ತಲಾ 6.3 ವೋಲ್ಟ್ ಇರಬೇಕು.