ಪ್ರಶ್ನೋತ್ತರ: ಗುಳ್ಳೆ ಬರುವ ವೈನ್ ಎಷ್ಟು ದಿನ ಇಡಬಹುದು?

ಅಡ್ಮಿನ್: ಹೊಸನಗರದ ಕಡೆಯವರೇ ಆದ, ಈಗ ನಾಸಿಕ್‌ನ ವೈನರಿಯೊಂದರಲ್ಲಿ ಕೆಲಸ ಮಾಡುವ ಅಕ್ಕ ಇವತ್ತು ಸಂಜೆ ನಮ್ಮ ಅಡುಗೆ ಗುಂಪಿನಲ್ಲಿದ್ದಾರೆ. ಸ್ಪಾರ್ಕ್ಲಿಂಗ್ ವೈನ್ ಬಗ್ಗೆ ಕೇಳಿ. ದಯವಿಟ್ಟು ಫಾರ್ವರ್ಡ್ ಬೇಡ.

ಕೊಪ್ಪದ ಕಾಫಿ: ನಮಸ್ಕಾರ ಅಕ್ಕ. ಮಗನ ಮದುವೆಗೆ ಯಾರೋ ಪ್ರೊಸೆಕೊ ಅಂತ ಇಟಲಿಯ ಗುಳ್ಳೆ ವೈನ್ ಕೊಟ್ಟಿದ್ದರು. ಹಳೇದಾದಷ್ಟೂ ರುಚಿ ಅಂತಾರಲ್ಲ, ಮೊಮ್ಮಗು ಬರೋವರೆಗೆ ಇಡಬಹುದಾ?

ವೈನರಿ ಅಕ್ಕ: ನಮಸ್ಕಾರ. ಬೇಡ. ಪ್ರೊಸೆಕೊಗೆ ಗುಳ್ಳೆ ಬರಿಸುವುದು ದೊಡ್ಡ ಟ್ಯಾಂಕಿನಲ್ಲಿ, ತಾಜಾ ಹಣ್ಣಿನ ಪರಿಮಳವೇ ಅದರ ಬಂಡವಾಳ. ಒಂದೆರಡು ವರ್ಷದೊಳಗೆ ಮುಗಿಸಿ.

ತೀರ್ಥಹಳ್ಳಿ ತೋಟ: ಚಿಕ್ಕಪ್ಪ 2009ರಲ್ಲಿ ಫ್ರಾನ್ಸಿಂದ ಶಾಂಪೇನ್ ತಂದಿದ್ದರು. ಅಜ್ಜನ ಕಣ್ಣಿಗೆ ಬೀಳಬಾರದು ಅಂತ ಗೋಣಿಯಲ್ಲಿ ಸುತ್ತಿ ಬಚ್ಚಲೊಲೆ ಮೇಲಿನ ಅಟ್ಟಕ್ಕೆ ಹಾಕಿದ್ದು, ಮೊನ್ನೆ ಹಂಚು ಕೈಯಾಡಿಸುವಾಗ ಸಿಕ್ಕಿತು. ಲೇಬಲ್ಲಿಗೆ ಬೂಷ್ಟು. ಕತ್ತಿನಲ್ಲಿ ವೈನ್ ಎರಡು ಬೆರಳು ಇಳಿದಿದೆ. ಹಾಳಾಗಿದೆಯಾ?

ವೈನರಿ ಅಕ್ಕ: ಎರಡು ಬೆರಳು ಇಳಿದಿದೆ ಅಂದರೆ ಕಾರ್ಕ್ ಸೋತಿದೆ, ಗ್ಯಾಸೂ ಜೊತೆಗೇ ಹೋಗಿರುತ್ತದೆ. ಶಾಂಪೇನ್‌ಗೆ ಸಕ್ಕರೆ, ಯೀಸ್ಟ್ ಹಾಕಿ ಮುಚ್ಚುತ್ತಾರೆ, ಗುಳ್ಳೆ ಬಾಟಲಿಯೊಳಗೇ ಹುಟ್ಟುತ್ತದೆ. ಸತ್ತ ಯೀಸ್ಟಿನ ಜೊತೆ ಬಿದ್ದಿರುವಾಗ ಬ್ರೆಡ್ಡಿನ ಪರಿಮಳ ಬರುತ್ತದೆ. ಮಾಮೂಲಿ ಶಾಂಪೇನನ್ನು 15 ತಿಂಗಳು, ಒಂದೇ ವರ್ಷದ ಬೆಳೆಯದ್ದನ್ನು 3 ವರ್ಷ ಇಟ್ಟೇ ಮಾರಬೇಕು ಅಂತ ಅಲ್ಲಿ ಕಾನೂನಿದೆ. ಯೀಸ್ಟ್ ತೆಗೆದು ಕೊನೆಯ ಕಾರ್ಕ್ ಹಾಕಿದ ಮೇಲೆ ಆಗುವುದೇ ಬೇರೆ: ಗಾಳಿ ಚೂರುಚೂರೇ ಒಳಗೆ ಬರುತ್ತದೆ, ಬಣ್ಣ ಗಾಢವಾಗುತ್ತದೆ, ಹಣ್ಣಿನ ವಾಸನೆ ಹೋಗಿ ಗೋಡಂಬಿ, ಜೇನು, ಅಣಬೆ ಕಡೆ ತಿರುಗುತ್ತದೆ, ಗುಳ್ಳೆ ಮೆತ್ತಗಾಗುತ್ತದೆ. 10–12 ಡಿಗ್ರಿ ತಂಪಿನ ಕತ್ತಲಲ್ಲಿ ಇದು ನಿಧಾನಕ್ಕೆ, ಚೆನ್ನಾಗಿ ಆಗುತ್ತದೆ. 2010ರಲ್ಲಿ ಬಾಲ್ಟಿಕ್ ಸಮುದ್ರದಡಿ ಮುಳುಗಿದ ಹಡಗಿನಲ್ಲಿ 168 ಬಾಟಲಿ ಸಿಕ್ಕವು, ಸುಮಾರು 170 ವರ್ಷ ಹಳೆಯವು. ಗುಳ್ಳೆ ಬಹುಪಾಲು ಹೋಗಿದ್ದರೂ ಕೆಲವು ಕುಡಿಯುವ ಹಾಗೆ ಇದ್ದವು. ಅಲ್ಲಿ ನೀರು 2–4 ಡಿಗ್ರಿ. ನಿಮ್ಮದು ಬಚ್ಚಲೊಲೆ! ಬೇಸಿಗೆಯ ಸೆಕೆ, ಒಲೆಯ ಕಾವು, ಮಳೆಗಾಲದ ತಂಪು, ಈ ಏರಿಳಿತವೇ ಕಾರ್ಕನ್ನು ಕೊಂದಿರಬೇಕು. ಆದರೂ ನನಗೆ ಕುತೂಹಲ. ಹಿಂದಿನ ಲೇಬಲ್ ಫೋಟೊ ಹಾಕಿ. ಒಂದು ದಿನ ಫ್ರಿಜ್ಜಲ್ಲಿಟ್ಟು ತೆಗೆಯಿರಿ, ಮೊದಲು ಮೂಸಿ. ವಿನೆಗರ್ ವಾಸನೆ ಬಂದರೆ ಚೆಲ್ಲಿ.

ಭದ್ರಾವತಿ ಬಾಸ್: ಮಲಗಿಸಿ ಇಡಬೇಕಾ ನಿಲ್ಲಿಸಿ ಇಡಬೇಕಾ?

ವೈನರಿ ಅಕ್ಕ: ಹೇಗಾದರೂ ಇಡಿ. ಒಳಗಿನ ಗ್ಯಾಸು ತೇವವಾಗಿರುತ್ತದೆ, ಕಾರ್ಕ್ ಒಣಗಲ್ಲ.

ಸಾಗರ ಸೀಮೆ: ಫಾರ್ವರ್ಡೆಡ್: "ತೆರೆದ ಬಾಟಲಿಗೆ ಬೆಳ್ಳಿ ಚಮಚ ಇಳಿಬಿಟ್ಟರೆ ಗುಳ್ಳೆ ವಾರ ಉಳಿಯುತ್ತದೆ! ಗುಳ್ಳೆ ಹೋದರೆ ಒಂದು ಒಣದ್ರಾಕ್ಷಿ ಹಾಕಿ! ಹತ್ತು ಜನಕ್ಕೆ ಕಳಿಸಿ."

ವೈನರಿ ಅಕ್ಕ: ಫಾರ್ವರ್ಡ್ ಬೇಡ ಅಂದಿದ್ದರಲ್ಲ. ಚಮಚದಿಂದ ಏನೂ ಆಗಲ್ಲ, 1994ರಲ್ಲೇ ಸ್ಟ್ಯಾನ್‌ಫರ್ಡ್‌ನಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ದ್ರಾಕ್ಷಿ ಹಾಕಿದರೆ ಉಳಿದಿರುವ ಗ್ಯಾಸೂ ಬೇಗ ಹೊರಗೆ ಬರುತ್ತದೆ, ಅಷ್ಟೇ. ಒತ್ತಿ ಹಿಡಿಯುವ ಸ್ಟಾಪರ್ ಹಾಕಿ ಫ್ರಿಜ್ಜಲ್ಲಿಡಿ, ಎರಡು ಮೂರು ದಿನ. ಚಮಚ ಪಾಯಸಕ್ಕಿರಲಿ.

ಶಿಕಾರಿಪುರ ಮೇಷ್ಟ್ರು: ಅಡುಗೆ ಗುಂಪಿನಲ್ಲಿ ಹೆಂಡದ ಪಾಠ. ಒಳ್ಳೆ ಕಾಲ ಬಂತು.

ಕೊಪ್ಪದ ಕಾಫಿ: ಮೇಷ್ಟ್ರೇ, ಬಗನಿ ಹೆಂಡ ಇಳಿಸದ ಊರು ನಮ್ಮ ಕಡೆ ಯಾವುದಿತ್ತು ಹೇಳಿ.

ಶಿಕಾರಿಪುರ ಮೇಷ್ಟ್ರು: ನಿಮ್ಮ ಕಡೆ ಇರಬಹುದು. ನಮ್ಮ ಮನೇಲಿ ಇರಲಿಲ್ಲ.

ಸಾಗರ ಸೀಮೆ: ಮನೇಲಿ ಇರಲಿಲ್ಲ, ಗದ್ದೆ ಬದುವಲ್ಲಿ ಇತ್ತು ಅನ್ನಿ 😄

ಶಿಕಾರಿಪುರ ಮೇಷ್ಟ್ರು: ನಾಲಿಗೆ ಹಿಡಿತದಲ್ಲಿರಲಿ.

ಗಾಂಧಿಬಜಾರ್: ಶಿವಮೊಗ್ಗದಲ್ಲಿ ಒಳ್ಳೆ ಸ್ಪಾರ್ಕ್ಲಿಂಗ್ ಎಲ್ಲಿ ಸಿಗುತ್ತೆ?

ಭದ್ರಾವತಿ ಬಾಸ್: ತೆರೆದಿದ್ದು ಫ್ರಿಜ್ಜಲ್ಲಿ ಎಷ್ಟು ದಿನ ಬರುತ್ತೆ ಅಕ್ಕ?

ವೈನರಿ ಅಕ್ಕ: ಮೇಲಿದೆ. ಓದಿ.

ರಿಪ್ಪನ್‌ಪೇಟೆ: ಅಕ್ಕ, ನಾವು ಮನೇಲೇ ನೇರಳೆ ವೈನ್ ಮಾಡಿದ್ದು. ಗುಳ್ಳೆ ಬರಲಿ ಅಂತ ಯೂಟ್ಯೂಬ್ ನೋಡಿ ಲೀಟರಿಗೆ ಮೂರು ದೊಡ್ಡ ಚಮಚ ಸಕ್ಕರೆ, ಚಿಟಿಕೆ ಯೀಸ್ಟ್ ಹಾಕಿ, ಹಳೇ ವೈನ್ ಬಾಟಲಿಗೆ ತುಂಬಿ, ಕಾರ್ಕಿಗೆ ತಂತಿ ಬಿಗಿದು ಉಗ್ರಾಣದಲ್ಲಿ ಇಟ್ಟಿದೀವಿ. ನಿನ್ನೆ ಒಂದು ತಳ ಸೀಳಿ ಒಡೀತು. ಉಳಿದಿದ್ದನ್ನ ಎಷ್ಟು ವರ್ಷ ಇಟ್ಟರೆ ಶಾಂಪೇನ್ ತರ ಆಗುತ್ತೆ?

ವೈನರಿ ಅಕ್ಕ: ಬೇರೆ ಪ್ರಶ್ನೆ ಆಮೇಲೆ. ಮೊದಲು ಇದು. ಉಗ್ರಾಣದ ಬಾಗಿಲು ಹಾಕಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಬಾಟಲಿ ಎತ್ತಬೇಡಿ, ಅಲುಗಿಸಬೇಡಿ, ಬೆಳಕಿಗೆ ಹಿಡಿದು ನೋಡಲೂ ಬೇಡಿ.

ಲೆಕ್ಕ ಕೇಳಿ. ಲೀಟರಿಗೆ 4 ಗ್ರಾಂ ಸಕ್ಕರೆ ಹುಳಿತರೆ ಸುಮಾರು 1 ಅಟ್ಮಾಸ್ಫಿಯರ್ ಒತ್ತಡ. ಶಾಂಪೇನ್‌ನವರು ಹಾಕುವುದು 24 ಗ್ರಾಂ ಆಸುಪಾಸು, ಒತ್ತಡ 6. ಕಾರಿನ ಟೈರಿನಲ್ಲಿ ಇರುವುದು ಎರಡು ಚಿಲ್ಲರೆ. ಮೂರು ದೊಡ್ಡ ಚಮಚ ಅಂದರೆ 36 ಗ್ರಾಂ ದಾಟುತ್ತದೆ, 9ರ ಹತ್ತಿರ. ಜೊತೆಗೆ ನೇರಳೆಯ ಸಕ್ಕರೆ ಪೂರ್ತಿ ಹುಳಿತಿತ್ತೋ ಇಲ್ಲವೋ, ನೀವು ಅಳೆದಿಲ್ಲ. ಶಾಂಪೇನ್ ಬಾಟಲಿ ಖಾಲಿಯದೇ 800 ಗ್ರಾಂ ಮೇಲೆ ತೂಗುತ್ತದೆ, ಈ ಒತ್ತಡ ತಡೆಯಲೆಂದೇ ದಪ್ಪ ಗಾಜು. ಮಾಮೂಲಿ ವೈನ್ ಬಾಟಲಿಯನ್ನು ಇದಕ್ಕೆ ಮಾಡಿಲ್ಲ. ಒಂದು ಒಡೆದರೆ ಅದರ ಚೂರಿಗೆ ಪಕ್ಕದ್ದೂ ಒಡೆಯುತ್ತದೆ. ಗಾಜು ಕಣ್ಣಿಗೆ ಹೋಗುತ್ತದೆ.

ಇಟ್ಟಷ್ಟೂ ಶಾಂಪೇನ್ ಆಗಲ್ಲ, ಇಟ್ಟಷ್ಟೂ ಅಪಾಯ. ಇವತ್ತು ರಾತ್ರಿ ಯಾರೂ ಒಳಗೆ ಹೋಗಬೇಡಿ. ನಂಬರ್ ಇನ್‌ಬಾಕ್ಸ್ ಮಾಡಿ. ನಾಳೆ ಬೆಳಗಿನ ತಂಪಿನಲ್ಲಿ ಏನು ಮಾಡಬೇಕು ಅಂತ ಫೋನಲ್ಲೇ ಹೇಳ್ತೀನಿ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ದಪ್ಪ ಜರ್ಕಿನ್, ಚರ್ಮದ ಗ್ಲೌಸ್, ಒದ್ದೆ ಗೋಣಿ ಹೊಂದಿಸಿಡಿ.

ಸಾಗರ ಸೀಮೆ: ಕಾರ್ಕಿಗೆ ಸೂಜಿ ಚುಚ್ಚಿದರೆ ಗ್ಯಾಸ್ ಹೋಗಲ್ವಾ? ನಮ್ಮ ಇನ್ನೊಂದು ಗ್ರೂಪಲ್ಲಿ ಬಂದಿತ್ತು.

ವೈನರಿ ಅಕ್ಕ: ಆ ಗ್ರೂಪಿನವರು ಬಂದು ಚುಚ್ಚಲಿ. ಬಾಟಲಿ ಹತ್ತಿರ ಹೋಗಬೇಡಿ ಅಂತ ಬರೆದಿದ್ದು ಕಾಣಲಿಲ್ವಾ?

ರಿಪ್ಪನ್‌ಪೇಟೆ: ಯೂಟ್ಯೂಬಲ್ಲಿ ಅವರದ್ದು ಏನೂ ಆಗಿಲ್ಲ ಅಕ್ಕ...

ವೈನರಿ ಅಕ್ಕ: ನಿಮ್ಮದು ಒಡೆದಾಗಿದೆ. ನಂಬರ್ ಕಳಿಸ್ತೀರೋ ಇಲ್ವೋ?

ಗಾಂಧಿಬಜಾರ್: ಎಲ್ಲಿ ಸಿಗುತ್ತೆ ಯಾರಾದ್ರೂ ಹೇಳ್ರೋ ಮಾರಾಯ್ರೆ.

ಶಿಕಾರಿಪುರ ಮೇಷ್ಟ್ರು: ಇದಕ್ಕೇ ಹೇಳಿದ್ದು.

ಕೊಪ್ಪದ ಕಾಫಿ: ಈಗ ಬೇಡ ಮೇಷ್ಟ್ರೇ, ಪಾಪ ಅವರು ಹೆದರಿದ್ದಾರೆ.

ರಿಪ್ಪನ್‌ಪೇಟೆ: ಕಳಿಸಿದೆ ಅಕ್ಕ. ಹೆಲ್ಮೆಟ್ ತಮ್ಮ ಹಾಕ್ಕೊಂಡು ಪೇಟೆಗೆ ಹೋಗಿದಾನೆ.

ವೈನರಿ ಅಕ್ಕ: ಬರಲಿ. ಬಾಗಿಲು ಹಾಕಿದ್ರಾ?