ಅಪ್‌ಡೇಟ್: ಮರಾಠಿಗರಿಗೆ ಕನ್ನಡ ಕಲಿಸುವ ಲೇಖನ ಮತ್ತೆ ಸಲ್ಲಿಕೆಯಾಯಿತು

ಮುಂಬೈ ಬಳಿಯ ಡೊಂಬಿವಲಿಯಲ್ಲಿ ಮರಾಠಿಗರಿಗಾಗಿ ನಡೆಯುವ ಕನ್ನಡ ತರಗತಿ ಕುರಿತ ನನ್ನ ಲೇಖನವನ್ನು ಭಾಷಾಬೋಧನೆಯ ಪತ್ರಿಕೆಯೊಂದು ಪರಿಶೀಲನೆಗೂ ಕಳಿಸದೆ ಹಿಂದಿರುಗಿಸಿದ್ದೇಕೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆ, ನಿನ್ನೆ ಮತ್ತೆ ಸಲ್ಲಿಸಿದೆ.

ಮುಖ್ಯ ತೊಡಕು ಫಾಂಟಿನದು. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ರೋಮನ್ ಸಂಕೇತಗಳನ್ನೇ ಬಳಸುವ ಆಸ್ಕಿ ಫಾಂಟ್‌ನಲ್ಲಿ ಬರೆದದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ರೋಮನ್ ಚಿಹ್ನೆಗಳ ರಾಶಿಯಾಗುತ್ತದೆ. ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಯೂನಿಕೋಡ್‌ಗೆ ಪರಿವರ್ತಿಸಿದರಷ್ಟೇ ಸಾಲದು: ಅರ್ಕಾವತ್ತು, ಒತ್ತಕ್ಷರಗಳನ್ನು ಸಾಲುಸಾಲಾಗಿ ನೋಡಲೇಬೇಕು. ಜೊತೆಗೊಂದು ಪಿಡಿಎಫ್ ಇಡಿ.

ಬರೆದವರು ಯಾರೆಂದು ಪರಿಶೀಲಕರಿಗೆ ತಿಳಿಯಬಾರದು; ಅದಕ್ಕೆ ಲೇಖಕರ ಹೆಸರನ್ನು ಮೊದಲ ಪುಟದಿಂದ ಅಳಿಸಿದರೆ ಮುಗಿಯಲಿಲ್ಲ. ವರ್ಡ್‌ನ ‘ಇನ್‌ಸ್ಪೆಕ್ಟ್ ಡಾಕ್ಯುಮೆಂಟ್’ನಿಂದ ಫೈಲಿನ ಮಾಹಿತಿಯೊಳಗೆ ಉಳಿದ ಹೆಸರನ್ನೂ ತೆಗೆಯಬೇಕು.

ಕನ್ನಡ ಉದಾಹರಣೆಗಳಿಗೆ ರೋಮನ್ ಲಿಪ್ಯಂತರ, ಅರ್ಥ ಎರಡೂ ಬೇಕು. ಮರಾಠಿಯಲ್ಲಿ ಎ–ಏ ಭೇದವಿಲ್ಲದ್ದರಿಂದ ಕಲಿಯುವವರ ಬಾಯಲ್ಲಿ ‘ಬೆಳೆ’, ‘ಬೇಳೆ’ ಒಂದೇ ಆಗಿಬಿಡುತ್ತವೆ. ಲಿಪ್ಯಂತರದಲ್ಲಿ ದೀರ್ಘದ ಮೇಲ್ಗೆರೆ (ē) ತಪ್ಪಿದರೆ ಲೇಖನದ ವಾದವೇ ಬಿದ್ದುಹೋಗುತ್ತದೆ.