ಯೂರಿಯಾ ಕೊಟ್ಟು ಬೆಳೆಸಿದ ಹೆಬ್ಬೇವಿನ ಮರ ಹಗುರವಾಗುತ್ತದೆಯೇ?

ದೇವನಹಳ್ಳಿ ಕೃಷಿಕ:
ನಮಸ್ಕಾರ. ದೇವನಹಳ್ಳಿಯ ಬಳಿ ನಮ್ಮ ಕೆಂಪು ಮಣ್ಣಿನ ಹೊಲದಲ್ಲಿ ಹೆಬ್ಬೇವು ಹಾಕಿದ್ದೇವೆ. ಹನಿ ನೀರಾವರಿಯಿದೆ, ಪ್ರತಿ ಮಳೆಗಾಲದಲ್ಲೂ ಯೂರಿಯಾ ಕೊಡುತ್ತೇವೆ. ಕಾಂಡ ಚೆನ್ನಾಗಿ ದಪ್ಪವಾಗಿದ್ದರೂ, ನೋಡಲು ಬಂದಿದ್ದ ವ್ಯಾಪಾರಿಯೊಬ್ಬರು ಕಡಿದ ತುಂಡೊಂದನ್ನು ಕೈಯಲ್ಲಿ ಹಿಡಿದು ತೂಗಿ, "ಮರ ಬಲಿತಿಲ್ಲ, ಹಗುರ" ಎಂದುಬಿಟ್ಟರು. ಇದಕ್ಕೆ ಗೊಬ್ಬರ ಕಾರಣವೇ? ಪೊಟ್ಯಾಷ್ ಕೊಟ್ಟರೆ ಮರ ಗಟ್ಟಿಯಾಗುತ್ತದೆ ಎನ್ನುವವರೂ ಇದ್ದಾರೆ.

ಮಲ್ಲೇಶ್ವರದ ಓದುಗಿ:
ಗೊಬ್ಬರವೂ ಒಂದು ಕಾರಣವಾಗಿರಬಹುದು. ತೊಗಟೆಯ ಒಳಬದಿಯಲ್ಲಿರುವ ಕ್ಯಾಂಬಿಯಂ ಎಂಬ ತೆಳುಪದರದ ಕೋಶಗಳು ವಿಭಜನೆಯಾಗಿ, ಹಿಗ್ಗಿ, ಆಮೇಲೆ ಭಿತ್ತಿಯನ್ನು ದಪ್ಪ ಮಾಡಿಕೊಂಡು, ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ತುಂಬಿಕೊಂಡು ಮರವಾಗುತ್ತವೆ. ಪಾಪ್ಲರ್ ಮರಗಳ ಮೇಲಿನ ಪ್ರಯೋಗಗಳಲ್ಲಿ ಸಾರಜನಕ (ಯೂರಿಯಾ ಕೊಡುವುದೂ ಇದನ್ನೇ) ಹೆಚ್ಚಾದಾಗ ಕಾಂಡ ಬೇಗ ದಪ್ಪವಾಯಿತು, ಆದರೆ ನಾರುಕೋಶಗಳು ಅಗಲವಾಗಿ ಅವುಗಳ ಭಿತ್ತಿ ತೆಳ್ಳಗಾಯಿತು. ಹಾಗಾದಾಗ ಅದೇ ಗಾತ್ರದ ತುಂಡಿನಲ್ಲಿ ಭಿತ್ತಿಯ ಪಾಲು ಕಡಿಮೆ, ಆದ್ದರಿಂದ ತೂಕವೂ ಕಡಿಮೆ.

ಪೊಟ್ಯಾಷ್ ಕುರಿತ ಮಾತು ಅರ್ಧ ಸತ್ಯ. ಎಳೆಯ ಕೋಶ ನೀರೆಳೆದುಕೊಂಡು ಹಿಗ್ಗಲು ಬೇಕಾದ ಒತ್ತಡ ಬಹುಪಾಲು ಪೊಟ್ಯಾಷ್ ಗೊಬ್ಬರದಲ್ಲಿರುವ ಪೊಟ್ಯಾಸಿಯಂನಿಂದಲೇ ಬರುತ್ತದೆ. ಅದು ಕೊರತೆಯಾದರೆ ನೀರು ಸಾಗಿಸುವ ನಾಳಗಳು ಕಿರಿದಾಗುತ್ತವೆ, ಕ್ಯಾಂಬಿಯಂ ಮಂದವಾಗುತ್ತದೆ. ಹಾಗೆಂದು ಹೆಚ್ಚು ಸುರಿದರೆ ಮರ ಗಟ್ಟಿಯಾಗುತ್ತದೆಂದು ನಿರೀಕ್ಷಿಸಬೇಡಿ. ಕ್ಯಾಲ್ಸಿಯಂನ ಕೆಲಸ ಬೇರೆ: ಪಕ್ಕಪಕ್ಕದ ಕೋಶಗಳನ್ನು ಅಂಟಿಸುವ ಪೆಕ್ಟಿನ್ ಅನ್ನು ಅದು ಬಿಗಿಹಿಡಿಯುತ್ತದೆ.

ಹೆಸರಘಟ್ಟದ ನರ್ಸರಿಯವರು:
ಮೇಲಿನ ವಿವರಣೆ ಸರಿಯಾಗಿದೆ, ಆದರೆ ವಯಸ್ಸನ್ನು ಮರೆಯಬಾರದು. ಎಳೆಯ ಮರದ ತಿರುಳಿನ ಸುತ್ತಲಿನ ಭಾಗ ಯಾವ ಗೊಬ್ಬರ ಕೊಟ್ಟರೂ ಸಾಮಾನ್ಯವಾಗಿ ಮೆದುವೇ; ಹೆಬ್ಬೇವಂತೂ ಸ್ವಭಾವದಿಂದಲೇ ಹಗುರವಾದ ಜಾತಿ, ತೇಗದೊಂದಿಗೆ ಹೋಲಿಸಿದರೆ ಅದಕ್ಕೆ ಅನ್ಯಾಯ. ವ್ಯಾಪಾರಿಯ ಮಾತಿನಲ್ಲಿ ಬೆಲೆ ಇಳಿಸುವ ಲೆಕ್ಕವೂ ಇದ್ದೀತು!

ನಾನಾದರೆ ಸೂಕ್ಷ್ಮ ಪೋಷಕಾಂಶಗಳನ್ನು ಮೊದಲು ನೋಡುತ್ತೇನೆ. ಬೋರಾನ್ ಕೊರತೆಯಿದ್ದರೆ ಸುಳಿ ಒಣಗಿ ಮರ ಕವಲೊಡೆಯುತ್ತದೆ, ನೇರವಾದ ಕಾಂಡವೇ ಸಿಗುವುದಿಲ್ಲ; ನೀಲಗಿರಿ ಮರಗಳಲ್ಲಿ ಇದು ಎದ್ದು ಕಾಣುತ್ತದೆ. ಲಿಗ್ನಿನ್ ಕಟ್ಟುವ ಲ್ಯಾಕೇಸ್ ಕಿಣ್ವಗಳಿಗೆ ತಾಮ್ರ ಬೇಕು, ಅದು ಸಾಲದಿದ್ದರೆ ಕೊಂಬೆಗಳು ಬಿಗಿ ತಪ್ಪಿ ಜೋತುಬೀಳುತ್ತವೆ. ಬದುವಿನಲ್ಲಿ ಸಿಲ್ವರ್ ಓಕ್ ಇದ್ದರೆ ಅದಕ್ಕೆ ರಂಜಕದ ಗೊಬ್ಬರ ಹೆಚ್ಚು ಹಾಕಬೇಡಿ. ಆ ಕುಟುಂಬದ ಮರಗಳು ಬಡ ಮಣ್ಣಿಗೆ ಒಗ್ಗಿಕೊಂಡಂಥವು.

ದೇವನಹಳ್ಳಿ ಕೃಷಿಕ:
ಇಬ್ಬರಿಗೂ ಧನ್ಯವಾದ. ಕೆಲವು ಗಿಡಗಳ ಸುಳಿ ಒಣಗಿರುವುದು ನಿಜ. ಹಾಗಾದರೆ ಬೋರಾನ್ ಸಿಗಲೆಂದು ಈಗಲೇ ಬೋರಾಕ್ಸ್ ಹಾಕಬಹುದೇ?

ಹೆಸರಘಟ್ಟದ ನರ್ಸರಿಯವರು:
ಪರೀಕ್ಷೆ ಮಾಡಿಸದೆ ಬೇಡ. ಬೋರಾನ್ ಸಾಲದಿರುವುದಕ್ಕೂ ವಿಷವಾಗುವುದಕ್ಕೂ ನಡುವಿನ ಅಂತರ ಬಹಳ ಕಡಿಮೆ, ಸುಳಿ ಒಣಗಲು ಕೀಟವೂ ಕಾರಣವಿರಬಹುದು. ಸುಳಿ ಒಣಗಿದ ಗಿಡಗಳ ಎಲೆ ಮತ್ತು ಬುಡದ ಮಣ್ಣು ಒಂದು ಚೀಲದಲ್ಲಿ, ಚೆನ್ನಾಗಿರುವ ಗಿಡಗಳದ್ದು ಇನ್ನೊಂದರಲ್ಲಿ, ಬೇರೆಬೇರೆಯಾಗಿಯೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಗೆ ಒಯ್ದು ವಿಚಾರಿಸಿ. ಫಲಿತಾಂಶ ಬರುವವರೆಗೆ ಯೂರಿಯಾ ನಿಲ್ಲಿಸಿ, ಕೊಟ್ಟಿಗೆ ಗೊಬ್ಬರವಷ್ಟೇ ಕೊಡಿ.